ಕುರುಗೋಡಿನಲ್ಲಿ ಕಂಪ್ಯೂಟರ್ ಪಾಲಾದದ್ದು

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಸುಧಾರಾಣಿಯದು ಒಂದೇ ಕೋಣೆಯ ಅಂಗಡಿ. ಸತ್ತುಹೋದ ವಿಂಡೋಸುಗಳಿಗೆ ಜೀವ ಕೊಡುವುದು ಅವಳ ಕಸುಬು. ಹಳೆಯ ಸಿ.ಡಿ.ಯಿಂದ ಅದರ ಪಡಿಯಚ್ಚಾದ ಇಮೇಜ್ ಫೈಲ್ ತೆಗೆಯುತ್ತಿದ್ದಳು, ಹೊಸ ಕಂಪ್ಯೂಟರಿನೊಳಗೆ ಲೆಕ್ಕಕ್ಕೆ ಮಾತ್ರ ಇರುವ ಇನ್ನೊಂದು ಕಂಪ್ಯೂಟರ್ ಹುಟ್ಟಿಸುತ್ತಿದ್ದಳು, ಆ ಇಮೇಜಿನಿಂದ ಹಳೆಯ ವಿಂಡೋಸನ್ನು ಅದರಲ್ಲಿ ಕೂರಿಸುತ್ತಿದ್ದಳು. ಇದಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ ಎಂದರೆ ಗಿರಾಕಿಗಳ ಮುಖ ಸಪ್ಪಗಾಗುತ್ತಿತ್ತು. ಅವಳ ಅತ್ತೆ ಅಕ್ಕನಾಗಮ್ಮ ಮಾತ್ರ ಒಂದೇ ಮಾತಿನಲ್ಲಿ ತಿಳಿಸಿಬಿಡುತ್ತಿದ್ದಳು: "ನಮ್ಮ ಸೊಸಿ ಕೈ ಇಟ್ರ ಕಂಪ್ಯೂಟರ್ ಬಸಿರಾಗ್ತೈತಿ ನೋಡ್ರಿ."

ಇಮೇಜ್ ಎಂಬ ಮಾತೂ ಕಾಟವೇ. "ನಿಮ್ಮ ಸಿ.ಡಿ.ದು ಒಂದು ಇಮೇಜ್ ಬೇಕ್ರಿ" ಎಂದದ್ದಕ್ಕೆ ಸಿರುಗುಪ್ಪದ ಅಕ್ಕಿ ಗಿರಣಿಯ ರಂಗಣ್ಣ ಸಿ.ಡಿ.ಯನ್ನು ಗುಲಾಬಿ ಗಿಡಕ್ಕೆ ಒರಗಿಸಿ, ಹಿಂದೊಂದು ಮುಂದೊಂದು ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದ್ದ. "ಕ್ಲಿಯರ್ ಬಂದೈತೇನ್ರಿ ಮೇಡಂ?" ಎಂದು ಫೋನನ್ನೂ ಮಾಡಿದ್ದ.

ಇಂಥವಳಿಗೆ ಒಂದು ದಿನ ಕುರುಗೋಡಿನಿಂದ ದೊಡ್ಡಬಸವರಾಜ ಎಂಬ ಹಿರಿಯರ ಫೋನು ಬಂತು. "ನೀವು ಒಂದರಾಗ ಎರಡು ಮಾಡ್ತೀರಂತಲ್ಲವ್ವಾ? ಲಗೂ ಬರ್ರಿ. ಇಲ್ಲಿ ಪಾಲು ನಡೆದೈತಿ."

ಅಲ್ಲಿ ಮರಿಬಸಪ್ಪ, ಚನ್ನಬಸವರಾಜ ಎಂಬ ಅಣ್ಣತಮ್ಮಂದಿರದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಬೇರೆಯಾಗುತ್ತಿದ್ದರು. ಸುಧಾರಾಣಿ ಬಸ್ಸಿಳಿದು ಹೋಗುವಷ್ಟರಲ್ಲಿ ಕಟ್ಟಿಂಗ್ ಮಷೀನು ಅಣ್ಣನಿಗೂ ಲ್ಯಾಮಿನೇಷನ್ ಮಷೀನು ತಮ್ಮನಿಗೂ ಹೋಗಿ, ಅಂಗಡಿಯ ನಡುವೆ ಎದೆಮಟ್ಟದ ಗೋಡೆಯೂ ಎದ್ದಿತ್ತು. ಉಳಿದದ್ದು ಒಂದು ಪ್ರಿಂಟರು, ಒಂದು ಹೊಸ ಕಂಪ್ಯೂಟರು. ಹಳೆಯದು ಆಗಲೇ ಕೆಟ್ಟು ಕೂತಿತ್ತು. ಲಗ್ನಪತ್ರಿಕೆಯ ಅಕ್ಷರಗಳೋ ಹಳೆಯ ವಿಂಡೋಸಿನಲ್ಲಿ ಮಾತ್ರ ಮೂಡುತ್ತಿದ್ದವು. ಹೊಸದರಲ್ಲಿ "ಶ್ರೀ" ಎಂದು ಹೊಡೆದರೆ ಅಕ್ಷರದ ಬದಲು ಚೌಕ ಡಬ್ಬಿಗಳು ಬರುತ್ತಿದ್ದವು.

"ಹಳೇ ವಿಂಡೋಸಿನ ಸಿ.ಡಿ. ಐತೇನ್ರಿ?"

ಇತ್ತು, ದೇವರ ಜಗಲಿಯ ಮೇಲೆ. ತಾಯಿ ಜಂಬಮ್ಮ ವರ್ಷವರ್ಷವೂ ಆಯುಧಪೂಜೆಗೆ ಕುಂಕುಮ ಹಚ್ಚಿ ಹಚ್ಚಿ ಅದನ್ನೊಂದು ಹೋಳಿಗೆಯಂತೆ ಮಾಡಿಟ್ಟಿದ್ದಳು. ಸುಧಾರಾಣಿ ಒರೆಸಿ ಡ್ರೈವಿಗೆ ಹಾಕಿದಳು. ಇಮೇಜು ಮುಕ್ಕಾಲು ಬಂದು ನಿಂತಿತು. ಮತ್ತೆ ಒರೆಸಿದಳು, ಮತ್ತೆ ಅಲ್ಲೇ ನಿಂತಿತು. ಜಂಬಮ್ಮ ಸಿ.ಡಿ. ಕಸಿದುಕೊಂಡು, ಕೂಸಿನ ಮೂಗು ಒರೆಸುವ ಹಾಗೆ ಸೆರಗಿನಿಂದ ತಿಕ್ಕಿ, "ಹಾಕು ಈಗ" ಎಂದಳು. ಇಮೇಜು ಪೂರ್ತಿ ಬಂತು.

ಮುಂದಿನದು ಸುಲಭವೆಂದು ಸುಧಾರಾಣಿ ತಿಳಿದಿದ್ದಳು. ಹೊರಗಿನ ಕಂಪ್ಯೂಟರು ಒಬ್ಬರಿಗೆ, ಅದರೊಳಗೆ ಹುಟ್ಟಿಸುವುದು ಇನ್ನೊಬ್ಬರಿಗೆ. ಬೆಳಿಗ್ಗೆ ಅಣ್ಣ ಕೂರಲಿ, ಮಧ್ಯಾಹ್ನ ತಮ್ಮ. ಅಕ್ಷರದ ಕೆಲಸ ಇಬ್ಬರೂ ಒಳಗೆ ಮಾಡಿಕೊಳ್ಳಲಿ. ಆದರೆ ಒಳಗಿನದು ಯಾರದು ಎನ್ನುವಲ್ಲಿ ಪಂಚಾಯಿತಿ ಕೂತಿತು.

"ನಾನು ಹಿರೇಮಗ. ಒಳಮನಿ ನನಗ ಸೇರಬೇಕು" ಎಂದ ಮರಿಬಸಪ್ಪ.

"ಹಂಗಾರ ನಾನೇನು ಕಟ್ಟಿ ಮ್ಯಾಲೆ ಕುಂದರ್ಲೇನು?" ಎಂದು ತಮ್ಮ ಎದ್ದು ನಿಂತ.

ಸುಧಾರಾಣಿ ಬಾಯಿ ಹಾಕಿದಳು. "ಅಣ್ಣಾ, ಹೊರಗಿಂದು ಬಂದ್ ಆದ್ರ ಒಳಗಿಂದೂ ಬಂದ್ ಆಗ್ತೈತ್ರಿ."

ಮರಿಬಸಪ್ಪನ ಮುಖ ಇಳಿಯಿತು. "ಅಂದ್ರ ನಾನು ಇವನ ಮನ್ಯಾಗ ಬಾಡಿಗಿ ಇದ್ದಂಗಾತು! ನನಗ ಹೊರಗಿಂದ ಬೇಕು."

ಈಗ ಚನ್ನಬಸವರಾಜನಿಗೂ ಹೊರಗಿನದೇ ಬೇಕಾಯಿತು. ದೊಡ್ಡಬಸವರಾಜರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ, ಒಳಗಿನ ಕಂಪ್ಯೂಟರಿನ ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳಿದರು. ಸುಧಾರಾಣಿಗೆ ನಗು ಬಂತು, ಆಮೇಲೆ ಹೆದರಿಕೆಯಾಯಿತು. ಅಲ್ಲಿ ಬೇರೆ ಯಾರೂ ನಗುತ್ತಿರಲಿಲ್ಲ.

"ಒಂದು ಇಮೇಜಿದ್ರ ಎಷ್ಟಾರ ಮಾಡಬಹುದ್ರಿ" ಎಂದಳು. "ಇಬ್ಬರಿಗೂ ಒಳಗ ಒಂದೊಂದು ಮಾಡ್ತೀನಿ. ಎರಡೂ ಒಂದೇ ಅಳತಿ."

"ಹೊರಗಿಂದು?" ಎಂದರು ಅಣ್ಣತಮ್ಮಂದಿರು.

"ಹೊರಗಿಂದು ಅವ್ವಗ" ಎಂದರು ದೊಡ್ಡಬಸವರಾಜರು. ಬೇರೆ ಹೆಸರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹೊರಗಿನದಕ್ಕೆ ಪಾಸ್‌ವರ್ಡ್ ಬೇಕಿತ್ತು. ಜಂಬಮ್ಮನಿಗೆ ಅಕ್ಷರ ಬಾರದು. ಕೀಬೋರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. "ಇವು ಚುಕ್ಕಿ ಇಟ್ಟಂಗ ಅದಾವಲ್ಲ!" ಎಂದು, ಮಕ್ಕಳಿಗೆ ಬೆನ್ನು ಮಾಡಿ ಕೂತು, ಕೀಲಿಯಿಂದ ಕೀಲಿಗೆ ಬೆರಳೊತ್ತುತ್ತ ಒಂದು ರಂಗೋಲಿ ಎಳೆದಳು. ಪರದೆಯ ಮೇಲೆ ಸಾಲಾಗಿ ಚುಕ್ಕಿಗಳು ಮೂಡಿದವು. "ನೋಡು, ಚುಕ್ಕಿ ಇಡಾಕ ಅದಕ್ಕೂ ಬರ್ತೈತಿ" ಎಂದು ಖುಷಿಪಟ್ಟಳು. ಎರಡನೆಯ ಸಲವೂ ಅದೇ ರಂಗೋಲಿ ತಪ್ಪದೆ ಬಿತ್ತು.

ಅಂದಿನಿಂದ ಬೆಳಿಗ್ಗೆ ಇಬ್ಬರೂ ಮಕ್ಕಳು ಬಂದು ನಿಂತರೆ ಮಾತ್ರ ಕಂಪ್ಯೂಟರ್ ತೆರೆಯುತ್ತಿತ್ತು. ಒಬ್ಬನೇ ಬಂದರೆ ಜಂಬಮ್ಮ ಮೆಂತ್ಯ ಸೊಪ್ಪು ಸೋಸುತ್ತ, "ರಂಗೋಲಿ ನೆನಪಾಗವಲ್ದು" ಎನ್ನುತ್ತಿದ್ದಳು. ಗೋಡೆಯ ಆಚೆ ಈಚೆ ಕಾಯುತ್ತ ನಿಂತ ಅಣ್ಣತಮ್ಮಂದಿರು ಮೊದಲು ಕೆಮ್ಮಿದರು, ಆಮೇಲೆ ಬಿಸಿಲಿನ ಬಗ್ಗೆ ಮಾತಾಡಿದರು, ಕಡೆಗೆ ಇಬ್ಬರೂ ಸೇರಿ ತಾಯಿಯನ್ನು ಬೈಯತೊಡಗಿದರು.

ತೊಂದರೆ ಬಂದದ್ದು ಪ್ರಿಂಟರಿನಿಂದ. ಒಳಗಿನ ಎರಡೂ ಕಂಪ್ಯೂಟರು ಒಂದೇ ಇಮೇಜಿನ ಕೂಸುಗಳು, ಹೆಸರೂ ಒಂದೇ; ಯಾವ ಹಾಳೆ ಯಾರದೆಂದು ಪ್ರಿಂಟರಿಗೆ ತಿಳಿಯುತ್ತಿರಲಿಲ್ಲ. ಅಣ್ಣ ಬೆಳಿಗ್ಗೆ ಕೊಟ್ಟುಹೋದ ಹಾಳೆಗಳು ಮಧ್ಯಾಹ್ನ ತಮ್ಮನ ಹಾಳೆಗಳ ನಡುವೆ ಹೊರಬರುತ್ತಿದ್ದವು. ಕೊಳಗಲ್ಲಿನ ಒಂದು ಮನೆತನದ ಪತ್ರಿಕೆ ಹೊರಗೆ ಮದುವೆ, ಒಳಗೆ ಕೂಸಿನ ಜವಳ ಎಂದು ಅಚ್ಚಾಗಿ ಊರೆಲ್ಲ ಹಂಚಿಹೋಯಿತು. ಭಾರೀ ಅವಸರದ ಮಂದಿ ಎಂದು ಜನ ಆಡಿಕೊಂಡರು. ಆ ಮನೆಯವರು ಜಗಳಕ್ಕೆ ಬಂದಾಗ ಅಣ್ಣತಮ್ಮಂದಿರು ಒಂದೇ ಕಡೆ ನಿಂತು ಜಗಳವಾಡಿದರು. ಪಾಲಾದ ಮೇಲೆ ಅವರು ಕೂಡಿ ಮಾಡಿದ ಮೊದಲ ಕೆಲಸ ಅದು.

ಎರಡಕ್ಕೂ ಬೇರೆ ಹೆಸರಿಡಲು ಸುಧಾರಾಣಿ ಮತ್ತೆ ಕುರುಗೋಡಿಗೆ ಹೋದಳು. ಕೆಲಸ ಮುಗಿಸಿ ಬ್ಯಾಗ್ ಹೆಗಲಿಗೇರಿಸುವಾಗ ಜಂಬಮ್ಮ ಅವಳ ಕೈ ಹಿಡಿದು ಪಕ್ಕಕ್ಕೆ ಕರೆದಳು.

"ಯವ್ವಾ, ನನಗೂ ಒಳಗ ಒಂದು ಮಾಡಿಕೊಡು."

"ಅದರಾಗ ಏನೇನು ಇರಬೇಕ್ರಿ ಅಮ್ಮಾ?"

"ಏನೂ ಇರಬಾರದು. ಇವರಿಬ್ರೂ ಅಲ್ಲಿಗೆ ಬರಬಾರದು, ಅಷ್ಟ."

ಸುಧಾರಾಣಿ ಚೀಲದಿಂದ ಪೆನ್‌ಡ್ರೈವ್ ತೆಗೆದು, ಅದೇ ಇಮೇಜಿನಿಂದ ಮೂರನೆಯದೊಂದನ್ನು ಕೂರಿಸಿ, ಅದರಲ್ಲಿದ್ದುದನ್ನೆಲ್ಲ ಒಂದೊಂದಾಗಿ ಅಳಿಸಿದಳು. ಪರದೆಯ ಚಿತ್ರದ ಹಸಿರು ಗುಡ್ಡ, ನೀಲಿ ಆಕಾಶ ಮಾತ್ರ ಉಳಿದವು. ಜಂಬಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಕಾಲು ಮೇಲೆ ಮಡಚಿ ಕೂತಳು. ಗೋಡೆಯ ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ "ಅವ್ವಾ" ಎಂದು ಕೂಗಿದರು.

"ನಾ ಇಲ್ಲಿಲ್ಲ" ಎಂದಳು ಜಂಬಮ್ಮ.