ಕರಿಹಲಗೆಯ ಮೇಲಿನ ಸಂತರು

ಇದನ್ನು ಹೇಳುವುದನ್ನು ಹನ್ನೊಂದು ವರ್ಷ ಮುಂದೂಡಿದ್ದೇನೆ. ತಿಂಗಳಿಗೊಮ್ಮೆ ಪಾಪನಿವೇದನೆಗೆ ಮೊಣಕಾಲೂರಿ, "ಒಬ್ಬರ ಮನಸ್ಸು ನೋಯಿಸಿದ್ದೇನೆ ಸ್ವಾಮಿ" ಎಂದಷ್ಟೇ ಹೇಳುತ್ತಿದ್ದೆ. ಆ ಒಬ್ಬರು ಯಾರೆಂದು ಗುರುಗಳು ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಪ್ರಾಯಶ್ಚಿತ್ತಕ್ಕೆ ಒಂದು ಜಪಸರ. ಮುಗಿಸಿ ಮನೆಗೆ ಬಂದು ಹೊಟ್ಟೆ ತುಂಬ ಉಣ್ಣುತ್ತಿದ್ದೆ.

ಚಾಮರಾಜಪೇಟೆಯಲ್ಲಿ ನಮ್ಮ ಚರ್ಚಿನ ಬಾಗಿಲ ಪಕ್ಕ ಒಂದು ಕರಿಹಲಗೆ ಇತ್ತು. ಬೆಳಗಿನ ಪೂಜೆಗೆ ಮುಂಚೆ ಅದರ ಮೇಲೆ ಬೈಬಲ್ಲಿನಿಂದ ಆ ದಿನ ಓದುವ ಶುಭಸಂದೇಶದ ಸಾರ, ಆ ದಿನದ ಸಂತರ ಹೆಸರು, ಕೆಳಗೆ ಪವಿತ್ರವಾಗಿ ಬಾಳುವ ಬಗ್ಗೆ ಎರಡು ಸಾಲು ಚಿಂತನೆ ಬರೆಯುವುದು ನನ್ನ ಕೆಲಸ. ಎಸ್ಸೆಸ್ಸೆಲ್ಸಿವರೆಗೆ ಓದಿದವನು, ಅಕ್ಷರ ದುಂಡಗಿತ್ತು. ಜನ ನಿಂತು ಓದುತ್ತಿದ್ದರು. ಅವರು ತಲೆದೂಗುವುದನ್ನು ನಾನು ಕಂಬದ ಪಕ್ಕ ನಿಂತು ನೋಡುತ್ತಿದ್ದೆ.

ಹಿಂದಿನ ದಿನದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ಕೊಡುತ್ತಿದ್ದವರು ನನ್ನ ಅತ್ತಿಗೆ. ಅಣ್ಣ ತೀರಿಕೊಂಡ ಮೇಲೆ ಚರ್ಚು ಗುಡಿಸುವುದು, ಪೀಠಕ್ಕೆ ಹೂ ಇಡುವುದು ಅವರ ಪಾಲಿಗೆ ಬಂದಿತ್ತು. ಅವರಿಗೆ ಓದು ಬರದು. ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ; ಸಾಕಿದವರು ಅವರೇ. ಮುದ್ದೆ ತಿರುವುತ್ತಾ ನನ್ನಿಂದ ಸಂತರ ಕಥೆಗಳನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ತಡವರಿಸಿದರೆ, "ಇನ್ನೊಂದ್ಸಲ ಓದು, ಸಂತರೇನು ಎದ್ದು ಓಡೋಗಲ್ಲ" ಎನ್ನುತ್ತಿದ್ದರು. ನನಗೆ ಓದು ಹತ್ತಿದ್ದು ಆ ಒಲೆಯ ಮುಂದೆ.

ದಿನವೂ ನಾನು ಬರೆದು ಮುಗಿಸುವ ಹೊತ್ತಿಗೆ ಬಂದು ಕೇಳುವರು: "ಏನಪ್ಪಾ, ಇವತ್ತು ಯಾರು ಬಂದಿದಾರೆ?" ಆ ದಿನದ ಸಂತರು ಯಾರೆಂದು ನಾನು ಓದಿ ಹೇಳಬೇಕು.

ಅವರ ಮಗಳು ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಇದ್ದ ಲಿಂಗಾಯತ ಹುಡುಗನನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಳು. ಅತ್ತಿಗೆ ಹೋಗಿ ಹರಸಿ ಬಂದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಧರ್ಮ ಕೆಟ್ಟಿತೆಂದು ಊರೆಲ್ಲ ಹೇಳಿಕೊಂಡೆ. ನಿಜಕ್ಕೂ ಉರಿದದ್ದು ನನ್ನನ್ನು ಕೇಳದೇ ಹೋದದ್ದಕ್ಕೆ.

ಅದೇ ವಾರ, ದಾರಿ ತಪ್ಪಿದ ಮಗನಿಗಾಗಿ ವರ್ಷಗಟ್ಟಲೆ ಅತ್ತು ಅವನನ್ನು ದೇವರ ಬಳಿಗೆ ತಂದ ಸಂತ ತಾಯಿಯ ಹಬ್ಬ. ಹಲಗೆಯ ಮೇಲೆ ಬರೆದೆ: 'ಆ ತಾಯಿ ಅತ್ತು ಮಗನನ್ನು ಉಳಿಸಿಕೊಂಡಳು. ನಮ್ಮಲ್ಲೊಬ್ಬ ತಾಯಿ ನಗುತ್ತಾ ಮಗಳನ್ನು ನರಕಕ್ಕೆ ಬಿಟ್ಟು ಬಂದಳು.'

"ಏನಪ್ಪಾ, ಇವತ್ತು ಯಾರು ಬಂದಿದಾರೆ?"

ಸೀಮೆಸುಣ್ಣ ಇನ್ನೂ ಕೈಯಲ್ಲೇ ಇತ್ತು. "ಮಗನಿಗೋಸ್ಕರ ಅತ್ತ ತಾಯಿ, ಅತ್ತಿಗೆ. ತಾಯಂದಿರ ಕಣ್ಣೀರು ದೇವರಿಗೆ ಕಾಣುತ್ತೆ ಅಂತ ಬರ್ದಿದೀನಿ" ಎಂದೆ. ಹಲಗೆಯ ಮೇಲೆ ಬೆರಳಾಡಿಸಿ ಓದುವಂತೆ ನಟಿಸಿದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಶಿಲುಬೆಯ ಗುರುತು ಹಾಕಿಕೊಂಡರು. "ಒಳ್ಳೇದು ಬರ್ದಿದೀಯಪ್ಪ" ಎಂದರು.

ಪೂಜೆ ಮುಗಿದ ಮೇಲೆ ಗಾಯನ ಮೇಳದ ಗೆಳೆಯನೊಬ್ಬ ಹಲಗೆಯ ಮುಂದೆ ನಿಂತ. "ಏನ್ ಗುರು, ಸೀಮೆಸುಣ್ಣ ಬಿಟ್ಟು ಮೆಣಸಿನಕಾಯಲ್ಲಿ ಬರ್ದಿದೀಯಾ?" ಎಂದು ನಗುತ್ತಾ ಎರಡೂ ಸಾಲನ್ನು ಗಟ್ಟಿಯಾಗಿ ಓದಿದ. ಹೂವಿನ ಬುಟ್ಟಿ ಹಿಡಿದ ಅತ್ತಿಗೆ ಅವನ ಹಿಂದೆಯೇ ಇದ್ದರು. ನನ್ನ ಮುಖ ನೋಡಿ, ಬುಟ್ಟಿ ಒಳಗಿಟ್ಟು ಹೋದರು.

ಮಾರನೆಯ ಬೆಳಿಗ್ಗೆ ಎಂದಿನಂತೆ ಬಂದು ಹಲಗೆಯನ್ನು ಮೂಲೆ ಮೂಲೆಯೂ ಬಿಡದೆ ಒರೆಸಿದರು. ಯಾರು ಬಂದಿದಾರೆ ಎಂದು ಕೇಳಲಿಲ್ಲ. ಮತ್ತೆಂದೂ ಕೇಳಲಿಲ್ಲ. ಮಂಡಿ ನೋವು ಹೆಚ್ಚಾಗಿ ಬಸವನಗುಡಿಯ ಮಗಳ ಮನೆ ಸೇರುವವರೆಗೂ ಸುಮ್ಮನೆ ಒರೆಸಿ ಕೊಟ್ಟರು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಮೊದಲ ವಾರದ ಶುಕ್ರವಾರಕ್ಕೆ ಪ್ರತಿ ವರ್ಷ ಒಂದೇ ಶುಭಸಂದೇಶ. ಪೀಠಕ್ಕೆ ಕಾಣಿಕೆ ತಂದಾಗ, ನಿನ್ನಿಂದ ನೊಂದವರು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವರ ಬಳಿಗೆ ಹೋಗು ಎಂಬುದು ಅದರ ಸಾರ. ಹತ್ತು ಸಲ ಅದನ್ನು ದುಂಡಗೆ ಬರೆದೆ. ಹತ್ತು ಸಲವೂ ಕೈ ತೊಳೆದುಕೊಂಡು ಹೋಗಿ ಪರಮಪ್ರಸಾದ ಸ್ವೀಕರಿಸಿದೆ.

ಈ ವರ್ಷ ಆ ಶುಕ್ರವಾರ ಬಸ್ಸು ಹತ್ತಿದೆ. ಬಾಗಿಲು ತೆಗೆದವನು ಅಳಿಯ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ನಮ್ಮ ಬೈಬಲ್ಲು. "ಬನ್ನಿ ಮಾವ. ಅತ್ತೆಗೆ ಇವತ್ತಿಂದು ಈಗ್ತಾನೆ ಓದಿ ಮುಗಿಸ್ದೆ."

ಅತ್ತಿಗೆ ಹಾಸಿಗೆಯಲ್ಲಿ ಮಗುವಿನಷ್ಟಾಗಿದ್ದರು. "ಇನ್ನೊಂದ್ಸಲ ನಾನು ಓದ್ಲಾ ಅತ್ತಿಗೆ?" ಎಂದೆ.

"ಬೇಡಪ್ಪ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಅಳಿಯ ಓದ್ತಾನೆ. ಇರೋದನ್ನೇ ಓದ್ತಾನೆ."

ಅಲ್ಲಿ ನಾನು ಬಾಯಿ ತೆರೆಯಬೇಕಿತ್ತು. ಮಗಳು ಕಾಫಿ ತಂದಳು, ಕುಡಿದೆ. ಈ ಸಲ ಬಿಸಿಲು ಜಾಸ್ತಿ ಎಂದೆ. ಲೋಟ ಕೆಳಗಿಟ್ಟು ಎದ್ದು ಬಂದೆ.

ಈಸ್ಟರ್‌ಗೆ ವಾರ ಮುಂಚಿನ ಗರಿಗಳ ಭಾನುವಾರ ಬರುವ ಮುನ್ನವೇ ಅತ್ತಿಗೆ ತೀರಿಕೊಂಡರು. ಅವರಿಗಾಗಿ ಪ್ರಾರ್ಥಿಸಿ ಎಂದು ಹಲಗೆಯ ಮೇಲೆ ಬರೆದವನೂ ನಾನೇ. ಅದನ್ನು ಒರೆಸಿದ ಮೇಲೆ ಸೀಮೆಸುಣ್ಣ ಮುಟ್ಟಿಲ್ಲ.

ನಾಳೆ ಶನಿವಾರ, ಪಾಪನಿವೇದನೆಯ ದಿನ. ಈ ಸಲ ಒಬ್ಬರು ಎಂದು ಹೇಳಿ ಜಾರಿಕೊಳ್ಳುವುದಿಲ್ಲ. ಆ ಒಬ್ಬರು ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಓದಿಸಿದವರು, ಓದು ಬಾರದವರು, ನನ್ನ ಅತ್ತಿಗೆ.