ನೀರಿನ ಕಡೆಯ ಕೋಣೆ

ದೊಡ್ಡವ್ವನ ಅಂಗೈ ಸದಾ ಈಗತಾನೇ ನೀರಿನಿಂದ ತೆಗೆದಂತೆ ಇರುತ್ತಿತ್ತು. ಬಿಳಿಚಿಕೊಂಡು, ಸುಕ್ಕುಸುಕ್ಕಾಗಿ, ತಣ್ಣಗೆ. ಅತಿಥಿಗಳ ಹೊದಿಕೆಗಳನ್ನು ದಿನವೂ ಒಗೆಯುತ್ತಿದ್ದಳು, ಅದಕ್ಕೇ ಹಾಗೆ ಎಂದು ನಾವು ಅಂದುಕೊಂಡಿದ್ದೆವು. ಆದರೆ ಒಮ್ಮೆ ಜ್ವರ ಬಂದು ಹದಿನೈದು ದಿನ ನೀರು ಮುಟ್ಟದೆ ಮಲಗಿದ್ದಾಗಲೂ ಆ ಕೈ ಹಾಗೇ ಇತ್ತು. ಇದು ನಾನು ನಿಜವಾಗಿ ನೋಡಿದ್ದೋ, ಆಮೇಲೆ ನಡೆದದ್ದಕ್ಕೆ ಹೊಂದಲಿ ಎಂದು ಸೇರಿಸಿಕೊಂಡದ್ದೋ ಹೇಳಲಾರೆ.

ಅವಳು ನನ್ನ ತಾಯಿಯ ಅಕ್ಕ. ಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹಿನ್ನೀರಿನ ಅಂಚಿಗೆ, ನಾಲ್ಕು ಕೋಣೆಯ ಮನೆ ಕಟ್ಟಿಸಿ ಹೋಂಸ್ಟೇ ನಡೆಸುತ್ತಿದ್ದಳು. ಸುತ್ತಲಿನ ರೆಸಾರ್ಟುಗಳು ಒಂದು ರಾತ್ರಿಗೆ ಕೇಳುವ ಬಾಡಿಗೆಯಲ್ಲಿ ನಮ್ಮ ಕಡೆ ಒಂದು ಹಸು ಬರುತ್ತದೆ. ಅಲ್ಲಿ ಬೆಲೆ ಕೇಳಿ ಬೆವರಿದವರು ಇವಳ ಅಂಗಳಕ್ಕೆ ಕಾರು ತಿರುಗಿಸುತ್ತಿದ್ದರು. ನೀರು ಕಾಣುವ ಕೋಣೆಗೆ ಉಳಿದವರೆಲ್ಲ ದುಪ್ಪಟ್ಟು ಕೇಳಿದರೆ ಇವಳದು ಎಲ್ಲಕ್ಕೂ ಒಂದೇ ದರ.

"ನಾನು ದುಡ್ಡು ಇಸ್ಕಳದು ಮಂಚಕ್ಕೆ ಕಣಪ್ಪ," ಅನ್ನುತ್ತಿದ್ದಳು. "ನೀರ್ಗೆ ನಾನ್ಯಾಕೆ ಇಸ್ಕಳ್ಳಿ? ಅದು ನಮ್ಮೂರ್ನ ತಿಂದಿರೋ ನೀರು."

ಅವಳು ಹುಟ್ಟಿದ ಊರು ಆ ನೀರಿನಡಿ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲಿನ ಪಾಯಗಳು ಏಳುತ್ತವೆ, ಒಂದು ಬಾವಿಯ ಬಾಯಿ ಕಾಣುತ್ತದೆ. ಜಗಲಿಯಲ್ಲಿ ಕೂತೇ ಯಾವುದು ಯಾರ ಮನೆ ಎಂದು ತೋರಿಸುತ್ತಿದ್ದಳು. ಅವಳ ತಾಯಿ, ಅಂದರೆ ನನ್ನ ಅಜ್ಜಿ, ನನ್ನ ಅವ್ವನನ್ನು ಹೆತ್ತು ತಿಂಗಳೊಳಗೆ ತೀರಿಕೊಂಡು ಅಲ್ಲೇ ಹೊಲದ ಬದುವಿನಲ್ಲಿ ಮಣ್ಣಾಗಿದ್ದಳು. ಊರು ಖಾಲಿಯಾದದ್ದು ಅದಾದ ಮೇಲೆ. ಎದ್ದು ಬಂದವರಿಗೆ ಹೊಸ ಕಾಲೋನಿ ಗೊತ್ತು, ಸತ್ತವಳಿಗೆ ಗೊತ್ತಿಲ್ಲ. ಅದಕ್ಕೇ ದೊಡ್ಡವ್ವ ನಾಲ್ಕನೆಯ ಕೋಣೆಯನ್ನು ನೀರಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ಕಟ್ಟಿಸಿ, ಬಾಗಿಲನ್ನು ಆ ಕಡೆಗೇ ಇಡಿಸಿದ್ದಳು. ಆ ಕೋಣೆ ಬಾಡಿಗೆಗಿರಲಿಲ್ಲ.

ಮಹಾಲಯ ಅಮಾವಾಸ್ಯೆಯ ದಿನ ಅಲ್ಲಿ ಎಡೆ ಇಡುತ್ತಿದ್ದಳು. ಎಲೆ ತುಂಬ ಮುದ್ದೆ, ಕೋಳಿ ಸಾರು, ಕಜ್ಜಾಯ. ಪಕ್ಕದಲ್ಲಿ ಹೊಸ ಸೀರೆ. ಧೂಪ ಹಾಕಿ ಬಾಗಿಲು ಎಳೆದುಕೊಂಡು ನಾವೆಲ್ಲ ಹೊರಗೆ ಕೂರಬೇಕು. ಹೋದವರು ಬಂದು ಉಣ್ಣಲು ಅಷ್ಟು ಹೊತ್ತು. ಬಾಗಿಲು ತೆಗೆಯುವ ಮೊದಲು ಒಮ್ಮೆ ಕೆಮ್ಮಬೇಕು. ಉಣ್ಣುತ್ತಿರುವವರು ಎದ್ದು ಹೋಗಲಿ ಎಂದು.

ಮನೆಯನ್ನು ಆನ್‌ಲೈನ್‌ಗೆ ಹಾಕಿದವನು ನಾನು. ಹುಣಸೂರಿನ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಕೂತೇ ಬುಕಿಂಗ್ ನೋಡಿಕೊಳ್ಳುತ್ತಿದ್ದೆ. ಮೂರು ಕೋಣೆಗಿಂತ ನಾಲ್ಕು ಕೋಣೆಯ ಮನೆ ಎಂದರೆ ತೂಕ ಹೆಚ್ಚು ಎಂಬ ಆಸೆಗೆ ಆ ಕೋಣೆಯನ್ನೂ ಸೇರಿಸಿದೆ. ದೊಡ್ಡವ್ವ ಒಪ್ಪಲಿಲ್ಲ. ಯಾರೂ ಕೊಡದಂಥ ಬೆಲೆ ಹಾಕುತ್ತೇನೆ ಎಂದು ರಾತ್ರಿಗೆ ಐವತ್ತು ಸಾವಿರ ಬರೆದೆ. ಅದನ್ನು ಕೇಳಿ ನಕ್ಕಳು. ಅಷ್ಟು ಕೊಟ್ಟು ಮಲಗುವವನಿಗೆ ನಿದ್ದೆಯಾದರೂ ಎಲ್ಲಿಂದ ಬರುತ್ತದೆ ಎಂದಳು.

ದಸರಾ ರಜೆ ಅಮಾವಾಸ್ಯೆಗೆ ಅಂಟಿಕೊಂಡಿದ್ದ ಒಂದು ವರ್ಷ, ರೆಸಾರ್ಟುಗಳೆಲ್ಲ ತುಂಬಿಹೋದಾಗ, ಒಬ್ಬರು ಆ ಬೆಲೆಯನ್ನು ಕೊಟ್ಟೇಬಿಟ್ಟರು. ಎಡೆಯ ಗಡಿಬಿಡಿಯಲ್ಲಿ ನಾನು ಫೋನು ನೋಡಿರಲಿಲ್ಲ. ಬಾಗಿಲು ಎಳೆದು ಜಗಲಿಯಲ್ಲಿ ಕೂತಿದ್ದೆವು, ಸುಡುವ ಮಧ್ಯಾಹ್ನ. ಐವತ್ತು ದಾಟಿದ ಒಬ್ಬರೇ ಗಂಡಸು ಕಾರಿನಿಂದ ಇಳಿದು, ಹಣ ಕಟ್ಟಿದ್ದೇನೆ, ಕೋಣೆ ತೆಗೆಸಿ ಎಂದರು. ಅಷ್ಟೂ ವಾಪಸ್ ಕೊಡುತ್ತೇನೆಂದೆ. ನೂರಾರು ಮೈಲಿ ಓಡಿಸಿಕೊಂಡು ಬಂದಿದ್ದೇನೆ, ಮಲಗಬೇಕು ಎಂದು ಅವರು ಬಾಗಿಲಿನ ಕಡೆ ನಡೆದೇಬಿಟ್ಟರು.

ದೊಡ್ಡವ್ವ ಹೋಗಿ ಹೊಸ್ತಿಲಿಗೆ ಅಡ್ಡ ಕೂತಳು. ದನಿ ಏರಿಸಲಿಲ್ಲ.

"ನಮ್ಮವ್ವ ಉಣ್ತಾವ್ಳೆ ಸ್ವಾಮಿ. ಒಳಗೆ ಬ್ಯಾರೆ ಜನ ಕಂಡ್ರೆ ಎದ್ದೋಯ್ತಾಳೆ. ಒಂದ್ಸಲ ಎದ್ದೋದ್ರೆ ಇನ್ನು ಬರಾಕಿಲ್ಲ."

ಅವರು ಅವಳ ನರೆತ ತಲೆ ನೋಡಿ, ನಿಮ್ಮ ತಾಯಿಗೆ ಎಷ್ಟು ವಯಸ್ಸು ಎಂದು ಕೇಳಿದರು.

"ಓದಾಗ ಇಪ್ಪತ್ತಾರು. ಈಗ್ಲೂ ಅಷ್ಟೇಯ."

ಅವರು ಬೂಟು ಬಿಚ್ಚಿ ನನ್ನ ಪಕ್ಕ ಕೂತರು. ಎಷ್ಟು ಹೊತ್ತೋ ತಿಳಿಯದು. ಇದನ್ನು ಹೇಳುವಾಗ ಒಮ್ಮೊಮ್ಮೆ ಗಂಟೆ ಎನ್ನುತ್ತೇನೆ, ಒಮ್ಮೊಮ್ಮೆ ಹತ್ತು ನಿಮಿಷ. ಕೊನೆಗೆ ದೊಡ್ಡವ್ವ ಎದ್ದು ಕೆಮ್ಮಿದಳು. ಒಳಗಿಂದ ಒಂದು ಕೆಮ್ಮು ಉತ್ತರವಾಗಿ ಬಂತು. ಸಣ್ಣ ದನಿಯದು. ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡುತ್ತಿದ್ದರು.

"ಇನ್ನೂ ಆಗಿಲ್ಲ. ತಡೀರಿ," ಎಂದು ದೊಡ್ಡವ್ವ ಮತ್ತೆ ಕೂತಳು.

ಎರಡನೆಯ ಸಲ ಕೆಮ್ಮಿದಾಗ ಏನೂ ಕೇಳಲಿಲ್ಲ. ಬಾಗಿಲು ತೆಗೆದೆವು. ಮುದ್ದೆ ಮುರಿದಿತ್ತೇ ಎಂದು ಎಲ್ಲರೂ ಕೇಳುತ್ತಾರೆ. ನಾನು ನೋಡಲಿಲ್ಲ, ನೆಲವನ್ನೇ ನೋಡುತ್ತಿದ್ದೆ. ದೊಡ್ಡವ್ವ ಎಲೆ ಎತ್ತಿ, ನೆಲ ಒರೆಸಿ, ಈಗ ಇದು ಬರೀ ಕೋಣೆ, ಮಾಮೂಲಿ ಬಾಡಿಗೆ ಸಾಕು, ಬಂದು ಮಲಗಿ ಎಂದು ಅವರನ್ನು ಕರೆದಳು. ಅವರು ಬೂಟನ್ನು ಕೈಯಲ್ಲೇ ಹಿಡಿದುಕೊಂಡು ಕಾರು ಹತ್ತಿದರು.

ನನಗೆ ಬೈಯಲಿಲ್ಲ. "ಬೆಲೆ ಅಂತ ಒಂದು ಆಕುದ್ರೆ ಯಾವನಾದ್ರೂ ಕೊಟ್ಟೇ ಕೊಡ್ತಾನೆ ಕಣ್ಲಾ," ಎಂದಳು. "ಅದ್ಕೆ ಬೆಲೆನೇ ಆಕಬ್ಯಾಡ."

ಅವಳು ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಕ್ಕಳಿರಲಿಲ್ಲ, ಮನೆ ನನ್ನ ಪಾಲಿಗೆ ಬಂತು. ಮೊದಲ ದಸರೆಗೇ ಬಾಡಿಗೆಗಳು ಹಿಂದೆಂದೂ ಇಲ್ಲದಷ್ಟು ಏರಿದವು. ಎಡೆಯನ್ನು ಹುಣಸೂರಿನ ನಮ್ಮ ಮನೆಯಲ್ಲೇ ಇಟ್ಟರಾಯಿತು ಎಂದುಕೊಂಡು ನಾಲ್ಕೂ ಕೋಣೆಗೆ ಬೆಲೆ ಹಾಕಿದೆ. ನಾಲ್ಕೂ ಹೋದವು.

ನೀರಿನ ಕಡೆಯ ಕೋಣೆಯಲ್ಲಿದ್ದ ದಂಪತಿ ವಾರದ ನಂತರ ಆನ್‌ಲೈನ್‌ನಲ್ಲಿ ಅಭಿಪ್ರಾಯ ಬರೆದರು. ಜಾಗ ಚೆನ್ನಾಗಿದೆ, ಕೊಟ್ಟ ಹಣಕ್ಕೆ ಮೋಸವಿಲ್ಲ. ಅಮಾವಾಸ್ಯೆಯ ಮಧ್ಯಾಹ್ನ ಮಾತ್ರ ಕೆಲಸದ ಹೆಂಗಸರಿಬ್ಬರು ಹೇಳದೆ ಕೇಳದೆ ಬಾಗಿಲು ತೆಗೆದರು. ನಮ್ಮನ್ನು ನೋಡಿ ಮುದುಕಿ, "ಬಾ ಅವ್ವ, ಒಳಗೆ ಜನ ಅವ್ರೆ," ಎಂದು ಇನ್ನೊಬ್ಬಳ ಕೈಹಿಡಿದು ಕರೆದುಕೊಂಡು ಹೋದಳು. ಆ ಇನ್ನೊಬ್ಬಳು ತೀರಾ ಚಿಕ್ಕ ವಯಸ್ಸಿನವಳು. ನಿಮ್ಮ ಕೆಲಸದವರಿಗೆ ಸ್ವಲ್ಪ ಹೇಳಿ.

ಕೆಲಸಕ್ಕೆ ನಾನು ಹೆಂಗಸರನ್ನು ಇಟ್ಟಿರಲಿಲ್ಲ.

ಈಗ ಆ ದಿನ ಇಡೀ ಮನೆಯನ್ನೇ ಖಾಲಿ ಬಿಡುತ್ತೇನೆ. ಆ ಕೋಣೆಯಲ್ಲಿ ಎರಡು ಎಲೆ ಹಾಕುತ್ತೇನೆ. ಬಾಗಿಲು ಮುಚ್ಚಬೇಕು ಎಂಬುದು ಪದ್ಧತಿ. ನಾನು ಮುಚ್ಚುವುದಿಲ್ಲ, ಹಾರು ಹೊಡೆದು ನೀರಿನತ್ತ ತೆರೆದಿಡುತ್ತೇನೆ. ಒಳಗೆ ಯಾರೂ ಇಲ್ಲ ಎನ್ನುವುದು ಅವರಿಗೆ ದೂರದಿಂದಲೇ ಕಾಣಲಿ.