ಹೊಸ್ತಿಲಲ್ಲಿ ನಿಂತ ದೊರೆ

ಹೊಸ್ತಿಲಲ್ಲಿ ಯಾರಾದರೂ ನಿಂತರೆ ನಮ್ಮ ಬಾಜು ಮನೆಯ ಕಾಕೂಗೆ ಸಹಿಸಲಾಗುತ್ತಿರಲಿಲ್ಲ. ಸುಲಿಯುತ್ತಿದ್ದ ಶೇಂಗಾ ಬದಿಗಿಟ್ಟು, ಚಾಪೆ ಕೊಡವಿ, “ಒಳಗ ಬರ್ರಿ, ಚಾ ಕುಡೀರಿ” ಎನ್ನುತ್ತಿದ್ದಳು.

ನನ್ನ ಮೊಮ್ಮಗಳು ಓದುವಾಗ ತೊದಲುತ್ತಿದ್ದಳು. ಶಾಲೆಯಲ್ಲಿ ಹುಡುಗರು ನಕ್ಕರೆಂದು ಜೋರಾಗಿ ಓದುವುದನ್ನೇ ಬಿಟ್ಟಿದ್ದಳು. ಮೂರನೇ ಇಯತ್ತೆಗೇ ಶಾಲೆ ಬಿಟ್ಟ ನಾನೇನು ಕಲಿಸಲಿ? ಒಂದು ದಿನ ಅವಳ ಕೈಯಲ್ಲೊಂದು ಹಳೆಯ ಕಾದಂಬರಿ ಇತ್ತು. ಸತ್ತ ದೊರೆಯೊಬ್ಬ ಎದ್ದು ಬಂದು ಜನರ ರಕ್ತ ಹೀರುವ ಕಥೆಯಂತೆ.

“ನನಗ ಓದಿ ಹೇಳ ಬೇ” ಎಂದಳು ಕಾಕೂ.

“ಯಾ... ಯಾರೂ ಕರೆಯದೆ ಅವನು ಒ... ಒಳಗೆ ಬರಲಾರ” ಎಂದು ಓದಿದ ಹುಡುಗಿ, ಕಾಕೂ ಇನ್ನೇನು ನಗುತ್ತಾಳೆಂದು ತಲೆ ತಗ್ಗಿಸಿದಳು.

ಕಾಕೂ ಸಿಟ್ಟಿಗೆದ್ದಳು. “ಅಷ್ಟ ದೂರದಿಂದ ಬಂದಾನ, ಒಬ್ಬರರೆ ಬಾ ಅನಬಾರದೇನು? ಚಾ ಸಿಕ್ಕಿದ್ರ ರಕ್ತ ಯಾಕ ಕುಡೀತಿದ್ದ ಪಾಪ! ಮುಂದ ಓದು.”

ಹುಡುಗಿ ನಗುನಗುತ್ತಲೇ ಪುಸ್ತಕ ಮುಗಿಸಿದಳು.

ಕಾಕೂ ಈಗಿಲ್ಲ. ನಿನ್ನೆ ಶಾಲೆಯ ಸಮಾರಂಭಕ್ಕೆ ನಾನೂ ಹೋಗಿದ್ದೆ; ಅಲ್ಲಿ ಎಲ್ಲರೆದುರು ಮೊಮ್ಮಗಳು ಅದೇ ಪುಟ ಓದಿದಳು. ಅದೇ ಜಾಗದಲ್ಲಿ ನಾಲಿಗೆ ತಡವರಿಸಿತು. ಅವಳು ಪುಸ್ತಕ ಕೆಳಗಿಳಿಸಿ, ಇಲ್ಲದ ಚಾಪೆ ಕೊಡವಿ, “ಒಳಗ ಬರ್ರಿ ದೊರಿ, ಚಾ ಕುಡೀರಿ!” ಎಂದಳು.

ಶಾಲೆಗೆ ಶಾಲೆಯೇ ನಕ್ಕಿತು. ಹಿಂದಿನ ಬೆಂಚಿನಿಂದೆದ್ದು ನಾನೂ ಕೂಗಿದೆ: “ಸಕ್ಕರಿ ಜಾಸ್ತಿ ಹಾಕ ಬೇ!”